ನಾಣ್ಯವೇರಿದ ರಥ

ಪುರಾತನ ನಾಣ್ಯಗಳನ್ನು ಸಂಗ್ರಹಿಸುವವರಲ್ಲಿ ಕೆಲವರು ರಥದ ಚಿತ್ರವಿರುವ ಗ್ರೀಕ್ ಮತ್ತು ರೋಮನ್ ನಾಣ್ಯಗಳನ್ನೇ ಅರಸುತ್ತಾರೆ. ಅವುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರೆ, ಮಾನವನು ಯಾವುದನ್ನು ವಿಜಯವೆಂದು ಭಾವಿಸಿದನೆಂಬ ಚರಿತ್ರೆಯೇ ನಮ್ಮೆದುರು ತೆರೆದುಕೊಳ್ಳುತ್ತದೆ.

ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರವು ಕ್ರಿ.ಪೂ. 400ರ ಸುಮಾರಿಗೆ ಟಂಕಿಸಿದ, ಹತ್ತು ದ್ರಾಖ್ಮಾ ಮೌಲ್ಯದ ಬೆಳ್ಳಿನಾಣ್ಯವು ಸುಮಾರು 43 ಗ್ರಾಂ ತೂಗುತ್ತದೆ. ಅದರಲ್ಲಿ ನಾಲ್ಕು ಕುದುರೆಗಳ ರಥ ಧಾವಿಸುತ್ತಿದೆ. ರೆಕ್ಕೆಗಳುಳ್ಳ ವಿಜಯದೇವತೆಯು ಹಾರಿಬಂದು ಸಾರಥಿಗೆ ಜಯಮುಕುಟ ತೊಡಿಸಲಿದ್ದಾಳೆ. ವಾಸ್ತವವು ಬೇರೆಯಾಗಿತ್ತು. ಒಲಿಂಪಿಯದ ರಥಸ್ಪರ್ಧೆಯಲ್ಲಿ ವಿಜೇತನೆನಿಸುತ್ತಿದ್ದವನು ಪ್ರಾಣವನ್ನು ಪಣಕ್ಕಿಟ್ಟ ಸಾರಥಿಯಲ್ಲ, ಕುದುರೆಗಳ ಒಡೆಯ. ಸ್ಪಾರ್ಟಾದ ರಾಜಪುತ್ರಿ ಕಿನಿಸ್ಕಾ ಕ್ರಿ.ಪೂ. 396ರಲ್ಲಿ ರಥವೇರದೆಯೇ ಜಯಶಾಲಿಯಾದಳು.

ರೋಮನ್ನರ ಬೆಳ್ಳಿನಾಣ್ಯಗಳಲ್ಲಿ ಮೊದಲು ರಥವೇರಿದವರು ಅವರ ದೇವದೇವತೆಗಳು, ಬಳಿಕ ಚಕ್ರವರ್ತಿಗಳು. ಕ್ರಿ.ಶ. 70ರಲ್ಲಿ ಜೆರುಸಲೇಮ್ ನಗರವು ಪತನಗೊಂಡು ಮಹಾದೇವಾಲಯವು ಬೆಂಕಿಗೆ ಆಹುತಿಯಾಯಿತು. ಮರುವರ್ಷ ವೆಸ್ಪಾಸಿಯನ್ ಮತ್ತು ಅವನ ಮಗ ಟೈಟಸ್ ರೋಮಿನಲ್ಲಿ ವಿಜಯಯಾತ್ರೆ ನಡೆಸಿದರು. ಆ ವಿಜಯರಥವೂ ನಾಣ್ಯವನ್ನೇರಿತು. ಅದೇ ಕಾಲದ ಬೇರೊಂದು ನಾಣ್ಯದಲ್ಲಿ, ಸೋತ ಜುದೇಯ ನಾಡು ಖರ್ಜೂರದ ಮರದಡಿ ಶೋಕಿಸುತ್ತಾ ಕುಳಿತ ಸ್ತ್ರೀಯಾಗಿ ಕಾಣುತ್ತದೆ. ಈ ಎರಡು ನಾಣ್ಯಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಒಬ್ಬನ ಜಯಕ್ಕೆ ಇನ್ನೊಬ್ಬರು ತೆತ್ತ ಬೆಲೆಯು ಆಗ ತಿಳಿಯುತ್ತದೆ.

ಬಾಳಿನ ಕೊನೆಯ ದಿನಗಳಲ್ಲಿ ದೀಕ್ಷಾಸ್ನಾನ ಪಡೆದ ಕಾನ್‌ಸ್ಟಂಟೈನ್ ಚಕ್ರವರ್ತಿಯು 337ರಲ್ಲಿ ಮೃತನಾದನು. ಅವನ ಪುತ್ರರ ಆಳ್ವಿಕೆಯಲ್ಲಿ ಅವನ ಸ್ಮರಣೆಗಾಗಿ ಒಂದು ಪುಟ್ಟ ಕಂಚಿನ ನಾಣ್ಯ ಹೊರಬಂದಿತು. ಅದರಲ್ಲಿಯೂ ನಾಲ್ಕು ಕುದುರೆಗಳ ರಥವಿದೆ. ಆದರೆ ಮುಕುಟ ಹಿಡಿದು ಬರುವ ದೇವತೆಯಿಲ್ಲ. ಮೇಲಿನಿಂದ ಒಂದು ಹಸ್ತವು ಅವನನ್ನು ಬರಮಾಡಿಕೊಳ್ಳಲು ಚಾಚಿದೆ. ಧರ್ಮಾಧ್ಯಕ್ಷ ಯುಸೇಬಿಯುಸ್ ಈ ನಾಣ್ಯವನ್ನು ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. ಅಗ್ನಿರಥದ ದರ್ಶನದ ನಡುವೆ ಸ್ವರ್ಗಕ್ಕೇರಿದ ಪ್ರವಾದಿ ಎಲೀಯನ ನೆನಪು ನಮಗಾಗದಿರದು. ಹಾಗಿದ್ದರೂ ನಾಣ್ಯದ ಬರಹವು ಹಿಂದಿನ ಚಕ್ರವರ್ತಿಗಳಂತೆ ಅವನನ್ನೂ ದೈವತ್ವಕ್ಕೇರಿದವನೆಂದೇ ಕರೆಯುತ್ತದೆ. ಹಳೆಯ ಅಹಂಕಾರವು ಅಷ್ಟು ಬೇಗ ಅಳಿಯುವುದಿಲ್ಲ.

ಸಿರಾಕ್ಯೂಸಿನ ಬೆಳ್ಳಿನಾಣ್ಯವನ್ನು ಕೊಳ್ಳುವುದು ಸಿರಿವಂತ ಸಂಗ್ರಾಹಕರಿಗಷ್ಟೇ ಸಾಧ್ಯ. ಎರಡು ಗ್ರಾಂ ಕೂಡ ತೂಗದ ಕಾನ್‌ಸ್ಟಂಟೈನನ ಕಂಚಿನ ನಾಣ್ಯವಾದರೋ ಸಾಮಾನ್ಯ ಸಂಗ್ರಾಹಕನ ಕೈಗೂ ಎಟಕುತ್ತದೆ. ಬಾಡಿಹೋಗುವ ಜಯಮುಕುಟಕ್ಕಾಗಿ ಓಡುವವರ ಕುರಿತು ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆದದ್ದು ನಿಮಗೆ ತಿಳಿದಿದೆ. ನಮ್ಮ ಓಟದ ಕೊನೆಯಲ್ಲಿ ನಾವು ಎದುರುನೋಡುವುದು ಆ ಮುಕುಟವನ್ನೋ, ಮೇಲಿನಿಂದ ಚಾಚಿದ ಆ ಹಸ್ತವನ್ನೋ?