ನೆಲ ಕೊಂಡವನು ಊರಿನವನಾಗುವನೆ? ಸ್ಪೇನಿನ ಕೆಲವು ಶಬ್ದಗಳ ಚರಿತ್ರೆ

ಪ್ರೌಢಶಾಲೆಯ ಚರಿತ್ರೆ ಪುಸ್ತಕದಲ್ಲಿ 1492 ಎಂದರೆ ಕೊಲಂಬಸ್. ನನ್ನಲ್ಲಿ ಪಾಠ ಕೇಳಿದವರಿಗೆ ಅದೇ ವರ್ಷ ಗ್ರಾನಡಾ ರಾಜ್ಯ ಪತನವಾದುದೂ ನೆನಪಿರಬಹುದು. ಆದರೆ ಆ ವರ್ಷದ ಮೂರನೆಯ ಘಟನೆಯೊಂದನ್ನು ಪಠ್ಯಪುಸ್ತಕ ಒಂದು ಸಾಲಿನಲ್ಲೂ ಹೇಳುತ್ತಿರಲಿಲ್ಲ. ಮಾರ್ಚ್ 31ರಂದು ಫರ್ಡಿನಾಂಡ್ ಮತ್ತು ಇಸಬೆಲ್ಲಾ ದಂಪತಿಗಳು ಅಲ್ಹಾಂಬ್ರಾ ಅರಮನೆಯಿಂದ ಒಂದು ಶಾಸನ ಹೊರಡಿಸಿದರು. ಕ್ರೈಸ್ತಮತಕ್ಕೆ ಸೇರದ ಯಹೂದಿಗಳೆಲ್ಲರೂ ಜುಲೈ ಮುಗಿಯುವುದರೊಳಗೆ ದೇಶ ಬಿಡಬೇಕು, ಆಸ್ತಿಯನ್ನು ಮಾರಿಕೊಳ್ಳಬಹುದು, ಆದರೆ ಚಿನ್ನ, ಬೆಳ್ಳಿ, ನಾಣ್ಯಗಳನ್ನು ಗಡಿ ದಾಟಿಸುವಂತಿಲ್ಲ ಎಂಬುದು ಅದರ ಸಾರ. ನಾಲ್ಕು ತಿಂಗಳಲ್ಲಿ ಎಲ್ಲರೂ ಮಾರಲು ಹೊರಟರೆ ಕೊಳ್ಳುವವನು ಬೆಲೆ ಕಟ್ಟುವ ಬಗೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಮನೆಯೊಂದನ್ನು ಕೊಟ್ಟು ಕತ್ತೆಯೊಂದನ್ನು, ದ್ರಾಕ್ಷಿ ತೋಟವನ್ನು ಕೊಟ್ಟು ತುಸು ಬಟ್ಟೆಯನ್ನು ಪಡೆದು ಹೋದವರಿದ್ದರು ಎಂದು ಆ ಕಾಲದ ಚರಿತ್ರಕಾರ ಆಂದ್ರೆಸ್ ಬೆರ್ನಾಲ್ದೆಸ್ ಬರೆದಿಟ್ಟಿದ್ದಾನೆ. ಅವನು ಯಹೂದಿಗಳ ಮಿತ್ರನೇನೂ ಅಲ್ಲ. ಆದುದರಿಂದ ಅವನ ಸಾಕ್ಷ್ಯಕ್ಕೆ ಹೆಚ್ಚು ತೂಕ.

ಹೀಗೆ ಹೋದವರ ವಂಶಸ್ಥರಲ್ಲಿ ಕೆಲವರು ಬಿಟ್ಟುಬಂದ ಮನೆಯ ಬೀಗದ ಕೈಯನ್ನು ತಲೆಮಾರುಗಳವರೆಗೆ ಕಾಪಾಡಿಕೊಂಡು ಬಂದರೆಂಬ ಪ್ರತೀತಿಯಿದೆ. 2015ರಲ್ಲಿ ಸ್ಪೇನ್ ಸರ್ಕಾರ ಇಂಥವರ ಸಂತತಿಗೆ ಪೌರತ್ವ ಕೊಡುವ ಕಾನೂನು ಮಾಡಿತು. 2019ರ ಅಕ್ಟೋಬರ್ ಒಂದರವರೆಗೆ ಇದ್ದ ಅವಧಿಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಪೌರತ್ವ ಸಿಕ್ಕಿತು, ಮನೆಯನ್ನು ಮರಳಿಸುವ ಮಾತು ಆ ಕಾನೂನಿನಲ್ಲಿರಲಿಲ್ಲ.

ಈ ವಿಷಯವನ್ನು ನಾನು ಈಗ ಎತ್ತಿಕೊಳ್ಳಲು ಕಾರಣವಿದೆ. ಇಂಗ್ಲೆಂಡಿನಲ್ಲಿ ನೆಲೆಸಿ ಅಲ್ಲಿಯ ಪೌರತ್ವವನ್ನೇ ಪಡೆದಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಪೇನಿನ ಆಲಿಕಾಂತೆ ಕರಾವಳಿಯಲ್ಲಿ ಮನೆ ಕೊಳ್ಳುವ ಆಲೋಚನೆಯಲ್ಲಿದ್ದಾಳೆ. ಇಪ್ಪತ್ತು ವರ್ಷದ ಉಳಿತಾಯ ಅದರಲ್ಲಿ ಹೋಗುತ್ತದೆ. ಮಧ್ಯವರ್ತಿಯೊಬ್ಬ, ಮನೆ ಕೊಂಡರೆ ಅಲ್ಲಿ ವಾಸಿಸುವ ಹಕ್ಕು ತಾನಾಗಿ ಬರುತ್ತದೆ ಎಂದು ಅವಳಿಗೆ ಹೇಳಿದ್ದಾನಂತೆ. ನಿಜವೇ ಎಂದು ಕೇಳಿದ್ದಳು. 'ಅಲ್ಲ' ಎಂಬ ಎರಡಕ್ಷರದ ಉತ್ತರವನ್ನು ಅಂದೇ ಕಳುಹಿಸಿದೆ. ಆದರೆ ಏಕೆ ಅಲ್ಲ ಎಂಬುದಕ್ಕೆ ಐನೂರು ವರ್ಷದ ಚರಿತ್ರೆಯಿದೆ, ಅದು ನಿಮ್ಮೆಲ್ಲರಿಗೂ ಸ್ವಾರಸ್ಯವೆನಿಸೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅವಳು ಮನೆ ನೋಡಿರುವ ಪ್ರಾಂತವೇ ಚರಿತ್ರೆಯ ದೃಷ್ಟಿಯಿಂದ ವಿಶೇಷವಾದುದು. 1609ರಲ್ಲಿ ಮೂರನೆಯ ಫಿಲಿಪ್ ದೊರೆ, ಕ್ರೈಸ್ತರಾಗಿ ಮತಾಂತರಗೊಂಡಿದ್ದ ಮುಸ್ಲಿಮರ ಸಂತತಿಯವರಾದ ಮೊರಿಸ್ಕೊ ಜನರನ್ನು ಹೊರಗಟ್ಟಲು ಆರಂಭಿಸಿದ್ದು ಈ ವಲೆನ್ಸಿಯಾ ರಾಜ್ಯದಿಂದಲೇ. ಮೈಮೇಲೆ ಹೊತ್ತುಕೊಳ್ಳಬಲ್ಲಷ್ಟನ್ನು ಮಾತ್ರ ಒಯ್ಯಬೇಕು, ಮನೆ ಹೊಲಗಳು ಜಮೀನುದಾರರ ಪಾಲು ಎಂದು ಆಜ್ಞೆಯಾಯಿತು. 1614ರ ಹೊತ್ತಿಗೆ ಇಡೀ ದೇಶದಿಂದ ಸುಮಾರು ಮೂರು ಲಕ್ಷ ಮಂದಿ ಹೋದರು. ಆ ಆಜ್ಞೆಯಲ್ಲಿ ಒಂದು ವಿಚಿತ್ರ ವಿನಾಯಿತಿಯಿತ್ತು: ನೂರಕ್ಕೆ ಆರು ಕುಟುಂಬಗಳು ಉಳಿಯಬಹುದು, ಏಕೆಂದರೆ ಆಲೆಮನೆ, ಭತ್ತದ ಗದ್ದೆ, ನೀರಿನ ಕಾಲುವೆಗಳನ್ನು ನಡೆಸುವ ವಿದ್ಯೆಯನ್ನು ಹೊಸಬರಿಗೆ ಕಲಿಸಬೇಕಲ್ಲ! ಜನ ಬೇಡ, ಅವರ ಕಸುಬು ಬೇಕು. ಬರಿದಾದ ಹಳ್ಳಿಗಳಿಗೆ ಮಜೋರ್ಕಾ ದ್ವೀಪದಿಂದಲೂ ಒಕ್ಕಲುಗಳನ್ನು ಕರೆತಂದರು.

ಒಂದೂವರೆ ಶತಮಾನ ಕಳೆದ ಮೇಲೆ ಗಾಳಿ ತಿರುಗಿತು. 1767ರಲ್ಲಿ ಮೂರನೆಯ ಕಾರ್ಲೋಸ್ ದೊರೆ ಪರದೇಶೀಯರನ್ನು ತಾನಾಗಿ ಕರೆದು ಭೂಮಿ ಕೊಟ್ಟ. ಕಳ್ಳರ ಭಯವಿದ್ದ ಸಿಯೆರ್ರಾ ಮೊರೆನಾ ಬೆಟ್ಟಸೀಮೆಯಲ್ಲಿ ಊರು ಕಟ್ಟಲು, ಜರ್ಮನ್ ಮತ್ತು ಫ್ಲೆಮಿಶ್ ಮೂಲದ ಆರು ಸಾವಿರ ಕ್ಯಾಥೊಲಿಕರನ್ನು ತರಿಸುವ ಗುತ್ತಿಗೆಯನ್ನು ತ್ಯೂರ್ರೀಗೆಲ್ ಎಂಬ ಬವೇರಿಯಾದವನಿಗೆ ವಹಿಸಲಾಯಿತು. ಒಂದು ಕುಟುಂಬಕ್ಕೆ 50 ಫನೇಗಾ, ನಮ್ಮ ಲೆಕ್ಕದಲ್ಲಿ ಸುಮಾರು 80 ಎಕರೆ. ಮೇಲ್ವಿಚಾರಕ ಪಾಬ್ಲೊ ದೆ ಒಲಾವಿದೆ. ಲಾ ಕರೋಲಿನಾ ಎಂಬ ಊರು ಇಂದಿಗೂ ಇದೆ. ಈ ವಸಾಹತುಗಳ ನಿಬಂಧನೆಗಳಲ್ಲಿ, ಮಕ್ಕಳೆಲ್ಲರೂ ಪ್ರಾಥಮಿಕ ಶಾಲೆಗೆ ಹೋಗಲೇಬೇಕು, ಆದರೆ ಲ್ಯಾಟಿನ್ ವ್ಯಾಕರಣದ ಶಾಲೆ ತೆರೆಯಕೂಡದು ಎಂದಿದೆ! ಹೆಚ್ಚು ಓದಿದರೆ ನೇಗಿಲು ಬಿಡುತ್ತಾರೆಂಬ ಭಯ. ಮೂವತ್ತು ವರ್ಷ ಹಳ್ಳಿಯ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೆ ಈ ಮಾತು ಅಪರಿಚಿತವಲ್ಲ. ಇದನ್ನೇ ನಮ್ಮೂರಿನ ಹಿರಿಯರ ಬಾಯಲ್ಲೂ ಕೇಳಿದ್ದೇನೆ.

ಹಾಗಾದರೆ ಪರದೇಶೀಯನು ಊರಿನವನಾಗುವುದು ಯಾವಾಗ? ಇದಕ್ಕೆ ಹಳೆಯ ಕ್ಯಾಸ್ಟೀಲಿನಲ್ಲಿದ್ದ ಶಬ್ದ 'ವೆಸೀನೊ'. ಈಗಿನ ಆಡುಮಾತಿನಲ್ಲಿ ನೆರೆಯವನು ಎಂದರ್ಥ. ಅಂದು ಊರಿನ ಹಕ್ಕು ಬಾಧ್ಯತೆಗಳಲ್ಲಿ ಪಾಲುಳ್ಳವನು, ನಮ್ಮ 'ಒಕ್ಕಲು' ಎಂಬ ಮಾತಿಗೆ ತುಸು ಹತ್ತಿರ. ಮನೆ ಕಟ್ಟಿಕೊಂಡು, ಸಂಸಾರ ಹೂಡಿ, ತೆರಿಗೆ ಕೊಟ್ಟು, ವರ್ಷಗಟ್ಟಲೆ ಬಾಳಿದರೆ ಆ ಸ್ಥಾನ ದೊರೆಯುತ್ತಿತ್ತು. ಮನೆಯ ಒಡೆತನ ಅದಕ್ಕೊಂದು ಕುರುಹು ಮಾತ್ರ. ನಿಜವಾದ ಪುರಾವೆ ಬಾಳುವೆಯೇ. 1812ರಲ್ಲಿ ಕಾದಿಸ್ ನಗರದಲ್ಲಿ, ನೆಪೋಲಿಯನ್ನನ ಸೇನೆಯ ಮುತ್ತಿಗೆಯ ನಡುವೆ ರಚಿತವಾದ ಸಂವಿಧಾನದ ಐದನೆಯ ವಿಧಿ ಇದನ್ನೇ ಸ್ವೀಕರಿಸಿತು: ಕಾನೂನುಬದ್ಧವಾಗಿ ಹತ್ತು ವರ್ಷ ಯಾವುದೇ ಊರಿನ ವೆಸೀನೊ ಆಗಿದ್ದವನು ಸ್ಪೇನಿನವನೇ. ಇಂದು ಸಾಮಾನ್ಯ ಪರದೇಶೀಯನು ಪೌರತ್ವ ಕೇಳಲು ಬೇಕಾದ ವಾಸದ ಅವಧಿಯೂ ಹತ್ತು ವರ್ಷವೇ. ಲ್ಯಾಟಿನ್ ಅಮೆರಿಕ, ಫಿಲಿಪ್ಪೀನ್ಸ್, ಪೋರ್ಚುಗಲ್ ಮೊದಲಾದ ದೇಶಗಳವರಿಗೂ ಹಿಂದೆ ಹೇಳಿದ ಯಹೂದಿ ವಂಶಸ್ಥರಿಗೂ ಎರಡೇ ವರ್ಷ. ಭಾರತೀಯರಿಗೂ ಆಂಗ್ಲರಿಗೂ ಹತ್ತು.

ಒಡೆತನದ ದಾರಿ ಬೇರೆ. 1889ರ ಸ್ಪೇನಿನ ಸಿವಿಲ್ ಸಂಹಿತೆಯ 27ನೆಯ ವಿಧಿ, ವಿಶೇಷ ಕಾನೂನು ಮತ್ತು ಒಪ್ಪಂದಗಳಿಗೆ ಒಳಪಟ್ಟು, ಪರದೇಶೀಯರಿಗೂ ಸ್ವದೇಶೀಯರಷ್ಟೇ ಸಿವಿಲ್ ಹಕ್ಕುಗಳಿವೆ ಎನ್ನುತ್ತದೆ. ಅಂದರೆ ಕೊಳ್ಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ನಮ್ಮ ಕರ್ನಾಟಕದಲ್ಲಿ 2020ರ ತಿದ್ದುಪಡಿಯವರೆಗೆ ಕೃಷಿಕನಲ್ಲದ ಕನ್ನಡಿಗನೇ ಕೃಷಿಭೂಮಿ ಕೊಳ್ಳಲು ಭೂ ಸುಧಾರಣಾ ಕಾಯಿದೆಯ ತಡೆಯಿತ್ತೆಂಬುದನ್ನು ನೆನೆದರೆ ಇದು ಎಷ್ಟು ಉದಾರವೆಂದು ತಿಳಿಯುತ್ತದೆ. ಆದರೆ ಈ ವಿಧಿಯಲ್ಲಿ ವಾಸದ ಮಾತಿಲ್ಲ. ಕೊಂಡವನು ಮನೆಯ ಯಜಮಾನ. ಆ ಮನೆಯಲ್ಲಿ ಎಷ್ಟು ದಿನ ಮಲಗಬಹುದೆಂಬುದನ್ನು ಬೇರೆ ಕಾನೂನು ತೀರ್ಮಾನಿಸುತ್ತದೆ.

ಇನ್ನು ಕೊಳ್ಳುವಾಗ ಎದುರಾಗುವ ಶಬ್ದಗಳು. ಬಾಡಿಗೆಗೆ ಅಲ್ಲಿ 'ಅಲ್ಕಿಲೇರ್' ಎನ್ನುತ್ತಾರೆ. ಅರಬ್ಬರ 'ಅಲ್ ಕಿರಾ' ಅದರ ಮೂಲ. ಅದೇ ಶಬ್ದ ಪಾರಸಿಯ ಮೂಲಕ ಈ ಕಡೆಗೆ ಬಂದು ಉತ್ತರ ಕರ್ನಾಟಕದಲ್ಲಿ 'ಕಿರಾಯಿ' ಆಗಿದೆ! ಪುರಾಧ್ಯಕ್ಷನಿಗೆ 'ಅಲ್ಕಾಲ್ದೆ', ಅವನು ನಮ್ಮ 'ಖಾಜಿ'ಯ ಸಹೋದರ. ಅರಬ್ಬರನ್ನು ಹೊರಗಟ್ಟಬಹುದು, ಅವರು ಇತ್ತ ಮಾತುಗಳನ್ನು ಕಿತ್ತು ತೆಗೆಯಲಾಗಲಿಲ್ಲ. ಮುಂಗಡಕ್ಕೆ 'ಅರ್ರಾಸ್'. ಸಂಹಿತೆಯ 1454ನೆಯ ವಿಧಿಯಂತೆ, ಕೊಳ್ಳುವವನು ಹಿಂಜರಿದರೆ ಆ ಹಣ ಹೋಯಿತು. ಮಾರುವವನು ಹಿಂಜರಿದರೆ ಎರಡರಷ್ಟು ಕೊಡಬೇಕು. ಮದುವೆಯಲ್ಲಿ ವರನು ವಧುವಿಗೆ ಕೊಡುವ ಹದಿಮೂರು ನಾಣ್ಯಗಳಿಗೂ ಇದೇ ಹೆಸರು. ನಮ್ಮ ಹಳೆಯ ಕನ್ನಡದ 'ಸಂಚಕಾರ' ಎಂಬುದೂ ಮುಂಗಡ ಹಣವೇ; 'ಪ್ರಾಣಕ್ಕೆ ಸಂಚಕಾರ' ಎಂದು ಅದು ಅಪಾಯಸೂಚಕವಾದದ್ದು ಹೇಗೆಂದು ವಿಚಾರ ಮಾಡಿದರೆ, ಮುಂಗಡ ಕೊಡುವ ಮುನ್ನ ಎರಡು ಸಲ ಯೋಚಿಸುವ ಬುದ್ಧಿ ಬರುತ್ತದೆ.

ದಾಖಲೆಗಳು ಎರಡು ಬಗೆ. ಒಂದು 'ಕತಾಸ್ತ್ರೊ', ಅಂದರೆ ತೆರಿಗೆಗಾಗಿ ಮಾಡಿದ ಭೂಮಾಪನ. 1749ರಲ್ಲಿ ಮಂತ್ರಿ ಎನ್ಸೆನಾದಾ ಕ್ಯಾಸ್ಟೀಲಿನ 22 ಪ್ರಾಂತಗಳ ಊರೂರಿಗೆ 40 ಪ್ರಶ್ನೆಗಳ ಪಟ್ಟಿ ಕಳುಹಿಸಿ ಹೊಲ, ಮನೆ, ಗಿರಣಿ, ಜೇನುಗೂಡು ಎಲ್ಲವನ್ನೂ ಬರೆಸಿದ. ಅವನು ಎಣಿಸಿದ್ದ ಏಕತೆರಿಗೆ ಜಾರಿಗೆ ಬರಲೇ ಇಲ್ಲ, ಆದರೆ ಉತ್ತರಗಳು ಉಳಿದವು. ಚರಿತ್ರೆಯ ವಿದ್ಯಾರ್ಥಿಗೆ ಅದು ನಿಧಿ. ಇನ್ನೊಂದು 1861ರ ಕಾನೂನಿನಿಂದ ಹುಟ್ಟಿದ ಆಸ್ತಿ ನೋಂದಣಿ ಪುಸ್ತಕ. ಇಲ್ಲಿ ನಮಗೂ ಅವರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ನಮ್ಮ 1908ರ ನೋಂದಣಿ ಕಾಯಿದೆ ದಸ್ತಾವೇಜನ್ನು ನೋಂದಾಯಿಸುತ್ತದೆ. ಮಾರಿದವನಿಗೆ ಹಕ್ಕಿತ್ತೇ ಎಂಬುದಕ್ಕೆ ಸರ್ಕಾರ ಹೊಣೆಯಲ್ಲ. ಅಲ್ಲಿ ನೋಂದಣಾಧಿಕಾರಿ ಹಕ್ಕನ್ನೇ ಪರಿಶೀಲಿಸಿ ಬರೆಯುತ್ತಾನೆ. ಪುಸ್ತಕ ನಂಬಿ ಪ್ರಾಮಾಣಿಕವಾಗಿ ಹಣ ತೆತ್ತು ಕೊಂಡು ತನ್ನ ಹೆಸರು ಬರೆಸಿದವನನ್ನು ಕಾನೂನು ಕಾಯುತ್ತದೆ. ನೋಟರಿಯ ಮುಂದೆ ಸಹಿಯಾಗುವ ಕ್ರಯಪತ್ರ 'ಎಸ್ಕ್ರಿತೂರಾ'. ಪುಸ್ತಕದ ಸಾರಾಂಶವೇ 'ನೋಟಾ ಸಿಂಪ್ಲೆ', ಒಡೆಯನಾರು, ಸಾಲವೆಷ್ಟು ಎಂದು ತಿಳಿಸುವ ಕಾಗದ. ನಮ್ಮ ಋಣಭಾರ ಪತ್ರವನ್ನೂ ಖಾತೆಯನ್ನೂ ಬೆಸೆದಂತೆ. ಮುಂಗಡಕ್ಕೆ ಮೊದಲು ಇದನ್ನು ನೋಡತಕ್ಕದ್ದು. ಎನ್.ಐ.ಇ. ಎಂಬುದು ಪರದೇಶೀಯನಿಗೆ ಕೊಡುವ ಗುರುತಿನ ಸಂಖ್ಯೆ. ಅದಿಲ್ಲದೆ ತೆರಿಗೆ ಕಟ್ಟಲಾಗದು, ಮನೆ ಕೊಳ್ಳಲಾಗದು. ಆದರೆ ಅದು ವಾಸದ ಪರವಾನಗಿಯಲ್ಲ, ಬರೀ ಸಂಖ್ಯೆ. ಮೋಸ ಹೋಗುವವರಲ್ಲಿ ಬಹಳ ಮಂದಿ ಜಾರುವುದು ಇಲ್ಲಿಯೇ.

ಪುಸ್ತಕ ಸರಿಯಿದ್ದರೆ ಸಾಲದು ಎಂಬುದನ್ನು ಕರಾವಳಿಯ ಇತ್ತೀಚಿನ ಚರಿತ್ರೆ ಕಲಿಸುತ್ತದೆ. ಮೀನುಗಾರರ ಹಳ್ಳಿಯಾಗಿದ್ದ ಬೆನಿದೋರ್ಮ್‌ಗೆ 1956ರಲ್ಲಿ ಪೆದ್ರೊ ಸರಗೋಸಾ ಎಂಬ ಪುರಾಧ್ಯಕ್ಷನ ಕಾಲದಲ್ಲಿ ನಗರಯೋಜನೆಯಾಯಿತು; 1959ರ ಆರ್ಥಿಕ ಸುಧಾರಣೆಯ ತರುವಾಯ ಉತ್ತರ ಯುರೋಪಿನವರ ಪ್ರವಾಹವೇ ಹರಿಯಿತು. 1986ರಲ್ಲಿ ಸ್ಪೇನ್ ಯುರೋಪಿನ ಸಮುದಾಯಕ್ಕೆ ಸೇರಿದ ಮೇಲಂತೂ ಕೇಳುವುದೇ ಬೇಡ. ಹಣ ಬಂದಲ್ಲಿ ಲಂಚ ಬಂತು. 2006ರಲ್ಲಿ ಮಾರ್ಬೆಯಾ ಪುರಸಭೆಯನ್ನೇ ಭ್ರಷ್ಟಾಚಾರದ ಕಾರಣ ಸರ್ಕಾರ ವಿಸರ್ಜಿಸಬೇಕಾಯಿತು. 2008ರ ಜನವರಿಯಲ್ಲಿ ಅಲ್ಮೆರಿಯಾದ ವೆರಾ ಎಂಬಲ್ಲಿ, ಊರಿನ ಪುರಸಭೆಯ ಪರವಾನಗಿ ಪಡೆದೇ ಕಟ್ಟಿದ್ದ ನಿವೃತ್ತ ಆಂಗ್ಲ ದಂಪತಿಗಳ ಮನೆಯನ್ನು ಯಂತ್ರ ತಂದು ಕೆಡವಿದರು. ಆ ಪರವಾನಗಿಯೇ ಅಸಿಂಧುವೆಂದು ತೀರ್ಪಾಗಿತ್ತು. 1988ರ ಕರಾವಳಿ ಕಾನೂನಿನಂತೆ ಕಡಲಂಚು ಸಾರ್ವಜನಿಕರ ಸ್ವತ್ತಾದುದರಿಂದ, ಅದರೊಳಗೆ ಸಿಕ್ಕಿದ ಹಳೆಯ ಮನೆಗಳ ಒಡೆಯರು ಗೊತ್ತಾದ ಅವಧಿಯ ಅನುಭೋಗದಾರರಾಗಿ ಉಳಿದರು. ಮತ್ತೊಂದು ಕಾನೂನು 1975ರದು, ಫ್ರಾಂಕೊ ಬದುಕಿದ್ದ ಕೊನೆಯ ವರ್ಷದ್ದು. ಕಾರ್ತಹೇನಾ, ಜಿಬ್ರಾಲ್ಟರ್ ಜಲಸಂಧಿ, ದ್ವೀಪಗಳಂಥ ರಕ್ಷಣಾ ಮಹತ್ವದ ಪ್ರದೇಶಗಳಲ್ಲಿ ಪಟ್ಟಣದ ಹೊರಗಿನ ಭೂಮಿ ಕೊಳ್ಳಲು ಯುರೋಪಿಯನ್ ಒಕ್ಕೂಟಕ್ಕೆ ಸೇರದವರು ಸೇನೆಯ ಅನುಮತಿ ಪಡೆಯಬೇಕು. ಬ್ರಿಟನ್ ಒಕ್ಕೂಟದಿಂದ ಹೊರನಡೆದುದರಿಂದ ಆಂಗ್ಲರೂ ಈ ಸಾಲಿಗೆ ಬಂದರು.

ಮಧ್ಯವರ್ತಿಯ ಮಾತಿನಲ್ಲಿ ಒಂದು ಕಾಲದ ಸತ್ಯವಿತ್ತೆಂಬುದನ್ನು ಹೇಳಲೇಬೇಕು. 2008ರ ಕುಸಿತದ ನಂತರ ಮಾರಾಟವಾಗದ ಮನೆಗಳು ರಾಶಿಬಿದ್ದಾಗ, 2013ರ 14ನೆಯ ಸಂಖ್ಯೆಯ ಕಾನೂನು ಸಾಲದ ಭಾರವಿಲ್ಲದೆ ಐದು ಲಕ್ಷ ಯೂರೊ ಆಸ್ತಿಯಲ್ಲಿ ತೊಡಗಿಸಿದವರಿಗೆ ವಾಸದ ಪರವಾನಗಿ ಕೊಟ್ಟಿತು. 'ಗೋಲ್ಡನ್ ವೀಸಾ' ಎಂದು ಜನ ಕರೆದದ್ದು ಇದನ್ನೇ. ಬಾಳುವೆಯಿಲ್ಲದ ಒಡೆತನದಿಂದ ವಾಸದ ಹಕ್ಕು ದೊರೆತ ಆ ಕಾಲ ಹನ್ನೆರಡು ವರ್ಷವೂ ತುಂಬಲಿಲ್ಲ. ಮನೆಗಳ ಬೆಲೆ ಊರವರಿಗೇ ಎಟುಕದಂತಾಯಿತೆಂಬ ಕೂಗೆದ್ದು, 2025ರ ಏಪ್ರಿಲ್ 3ರಂದು ಅದು ಕೊನೆಗೊಂಡಿತು. ಅದೇ ವರ್ಷದ ಜನವರಿಯಲ್ಲಿ ಪ್ರಧಾನಿ ಸಾಂಚೆಸ್, ಒಕ್ಕೂಟದ ಹೊರಗಿನ ಅನಿವಾಸಿಗಳು ಕೊಳ್ಳುವ ಮನೆಗೆ ಬೆಲೆಯಷ್ಟೇ ತೆರಿಗೆ ಹಾಕುವ ಪ್ರಸ್ತಾಪವನ್ನೂ ಮುಂದಿಟ್ಟರು. ಊರವರ ಕೂಗಿನಲ್ಲಿ ನ್ಯಾಯವಿದೆಯೆಂದೇ ನನ್ನ ಅಭಿಪ್ರಾಯ. ವರ್ಷದಲ್ಲಿ ಹತ್ತು ತಿಂಗಳು ಬಾಗಿಲು ಮುಚ್ಚಿದ ಮನೆಗಳ ಬೀದಿಯಲ್ಲಿ ಶಾಲೆ ನಡೆಯುವುದಿಲ್ಲ.

ಹೀಗಾಗಿ ಈಗ ಅವಳು ಮನೆ ಕೊಂಡರೂ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಅಲ್ಲಿರಬಹುದು. ಅದಕ್ಕೂ ಹೆಚ್ಚು ಇರಬೇಕಾದರೆ ಬೇರೆ ವೀಸಾ ಪಡೆಯಬೇಕು. ದುಡಿಯದೆ ಸ್ವಂತ ಆದಾಯದಲ್ಲಿ ಬಾಳುವವರಿಗೆ ಒಂದು ಬಗೆಯಿದೆ. 2025ರ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ 28,800 ಯೂರೊ, ಜೊತೆಗಿರುವ ಪ್ರತಿಯೊಬ್ಬರಿಗೆ 7,200 ಯೂರೊ ಆದಾಯ ತೋರಿಸಬೇಕು, ಅಲ್ಲಿ ಕೆಲಸ ಮಾಡುವಂತಿಲ್ಲ. ದೂರದಿಂದ ಗಣಕಯಂತ್ರದ ಮೂಲಕ ದುಡಿಯುವವರಿಗೆ 2022ರ ಕಾನೂನಿನಿಂದ ಇನ್ನೊಂದು ದಾರಿ ತೆರೆದಿದೆ. ಎರಡಕ್ಕೂ ಮನೆಯ ಒಡೆತನ ಬೇಕಿಲ್ಲ, ಬಾಡಿಗೆ ಮನೆಯೂ ಆದೀತು. ಮೊದಲು ಒಂದು ವರ್ಷ 'ಕಿರಾಯಿ'ಗೇ ಇದ್ದು ನೋಡು, ಸಂಚಕಾರ ಕೊಡಬೇಡ ಎಂದು ಅವಳಿಗೆ ಬರೆದಿದ್ದೇನೆ.

ಹಾಗೆ ನೆಲೆಸಿದವರು ಮಾಡಬೇಕಾದ ಮೊದಲ ಕೆಲಸವೆಂದರೆ ಪುರಸಭೆಗೆ ಹೋಗಿ 'ಪದ್ರೋನ್' ಎಂಬ ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಸುವುದು. ಬಾಡಿಗೆಯವನು, ಒಡೆಯ ಎಂಬ ಭೇದ ಅಲ್ಲಿಲ್ಲ. 1985ರ ಸ್ಥಳೀಯಾಡಳಿತ ಕಾನೂನು ಆ ಪಟ್ಟಿಯಲ್ಲಿರುವವರನ್ನು ಇಂದಿಗೂ ಕರೆಯುವುದು 'ವೆಸೀನೊ' ಎಂದೇ. 2019ರ ಒಪ್ಪಂದವೊಂದರಂತೆ ಮೂರು ವರ್ಷ ಕಾನೂನುಬದ್ಧವಾಗಿ ಬಾಳಿದ ಬ್ರಿಟಿಷ್ ಪೌರರು ಪುರಸಭೆಯ ಚುನಾವಣೆಯಲ್ಲಿ ಮತವನ್ನೂ ಹಾಕಬಹುದು. ಭಾರತದೊಂದಿಗೆ ಅಂಥ ಒಪ್ಪಂದವಿಲ್ಲ.