ಹಿತ್ತಲಿನ ಋತುಕ್ರಮ: ಕರ್ನಾಟಕದ ಮನೆತೋಟ ಮತ್ತು ಮೌಖಿಕ ಜ್ಞಾನಪರಂಪರೆ

ಕರ್ನಾಟಕದ ಕೃಷಿಚರಿತ್ರೆಯನ್ನು ಕುರಿತ ಬರಹಗಳಲ್ಲಿ ಕೆರೆ, ಕಾಲುವೆ, ಗದ್ದೆ, ಅಡಕೆ ತೋಟಗಳಿಗೆ ದೊರೆತಷ್ಟು ಗಮನ ಹಿತ್ತಲಿಗೆ ದೊರೆತಿಲ್ಲ. ಮನೆಯ ಹಿಂಭಾಗವೆಂಬ ಅರ್ಥದ ಈ ಪದವೇ ಅದರ ಸ್ಥಾನವನ್ನೂ ಸೂಚಿಸುವಂತಿದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯು ಕೈಗೆಟಕುವುದನ್ನು ಕಡೆಗಣಿಸುವ ಮನೋಭಾವವನ್ನು ಟೀಕಿಸುತ್ತದೆ. ಆ ಟೀಕೆ ವಿದ್ವತ್ತಿಗೂ ಅನ್ವಯಿಸುತ್ತದೆ. ಹಿತ್ತಲನ್ನು ಕೆಲವು ಗಿಡಬಳ್ಳಿಗಳ ಗುಂಪೆಂದು ಭಾವಿಸದೆ, ವರ್ಷದುದ್ದದ ಒಂದು ಯೋಜನೆಯೆಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಲಿಖಿತ ಆಕರಗಳಲ್ಲಿ ಹಿತ್ತಲು

ಪಶ್ಚಿಮ ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದ, ಜಲಶೋಧನೆ, ಅಡುಗೆ ಮೊದಲಾದ ವಿಷಯಗಳು ಒಂದೇ ಕೃತಿಯೊಳಗೆ ಕೂಡಿಬಂದಿವೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಬದನೆ, ಬಾಳೆ, ಹಲಸುಗಳ ಪಾಕಗಳು ನಿರೂಪಿತವಾಗಿವೆ. ಗಿಡದ ಆರೈಕೆ ಒಂದು ಶಾಸ್ತ್ರವಾಗಿಯೂ, ಅದರ ಫಲ ಇನ್ನೊಂದು ಶಾಸ್ತ್ರವಾಗಿಯೂ ಬರವಣಿಗೆಗೆ ಬಂದವು. ಇವೆರಡರ ನಡುವೆ ನಿಂತು ನಿತ್ಯವೂ ದುಡಿಯುತ್ತಿದ್ದ ಮನೆಯೊಡತಿಯ ತಿಳಿವಳಿಕೆ ಮಾತ್ರ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಸಾಗಿತು.

1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರದೇಶಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್‌ನ ವರದಿಯು 1807ರಲ್ಲಿ ಪ್ರಕಟವಾಯಿತು. ಅವನು ಮೈಸೂರು ಸೀಮೆಯ ತೋಟಗಳನ್ನು ತರಕಾರಿ, ತೆಂಗು, ಎಲೆ ಹಾಗೂ ಹೂವಿನ ತೋಟಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಈ ವಿಂಗಡಣೆಯಲ್ಲಿ ಹಿತ್ತಲು ಪ್ರತ್ಯೇಕ ವರ್ಗವಾಗಿ ಕಾಣಿಸುವುದಿಲ್ಲ. ಕಂದಾಯ ಮತ್ತು ಮಾರುಕಟ್ಟೆಗಳ ದೃಷ್ಟಿಯಿಂದ ನಾಡನ್ನು ನೋಡುವ ದಾಖಲೆಗೆ, ಮಾರಾಟಕ್ಕೆ ಬಾರದ ಬೆಳೆ ಗೋಚರವಾಗದಿರುವುದು ಸಹಜವೇ ಆಗಿದೆ.

ಆದರೆ ಹಿತ್ತಲು ಬದಲಾವಣೆಯಿಲ್ಲದ ಜಾಗವೇನೂ ಆಗಿರಲಿಲ್ಲ. ಪೋರ್ಚುಗೀಸರ ಆಗಮನದ ತರುವಾಯ ಅಮೆರಿಕ ಖಂಡದ ಸಸ್ಯಗಳು ಇಲ್ಲಿಗೆ ಬಂದಾಗ ಜನತೆ ಅವುಗಳನ್ನು ತಮ್ಮ ಹಳೆಯ ಪದಗಳ ಮೂಲಕವೇ ಬರಮಾಡಿಕೊಂಡರು. ಮೆಣಸಿನ ಖಾರವನ್ನು ನೆನಪಿಸಿದ ಕಾಯಿ ಮೆಣಸಿನಕಾಯಿಯಾಯಿತು. ಪರಂಗಿ ಹಣ್ಣು ಮತ್ತು ಸೀಮೆಬದನೆ ಎಂಬ ಹೆಸರುಗಳು ಹೊರನಾಡಿನ ಗುರುತನ್ನು ಇಂದಿಗೂ ಉಳಿಸಿಕೊಂಡಿವೆ. 1760ರಲ್ಲಿ ಹೈದರಾಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಪರದೇಶದ ಸಸ್ಯಗಳ ಪ್ರಸಾರಕ್ಕೆ ಮತ್ತೊಂದು ದಾರಿ ತೆರೆಯಿತು. ಹೊಸದನ್ನು ಸ್ವೀಕರಿಸುವ ಈ ಗುಣವೇ ಹಿತ್ತಲನ್ನು ಶತಮಾನಗಳ ಕಾಲ ಉಳಿಸಿತು.

ಮಳೆನಕ್ಷತ್ರ ಮತ್ತು ಕೆಲಸದ ಕ್ರಮ

ಹಿತ್ತಲಿನ ಪಂಚಾಂಗ ಮಳೆನಕ್ಷತ್ರಗಳದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು 13-14 ದಿನ ಇರುವನೆಂಬ ಎಣಿಕೆಯ ಮೇಲೆ ಜನಪದರು ಮಳೆಗಾಲವನ್ನು ಭಾಗ ಮಾಡಿಕೊಂಡಿದ್ದಾರೆ. ಏಪ್ರಿಲ್ ಕೊನೆಯ ಭರಣಿಯಿಂದ ಮೊದಲ್ಗೊಂಡು ನೆಲದ ಸಿದ್ಧತೆ ನಡೆಯುತ್ತದೆ. ಮೇ ಕೊನೆಯ ರೋಹಿಣಿ ಮತ್ತು ಜೂನ್ ಆರಂಭದ ಮೃಗಶಿರದ ಹೊತ್ತಿಗೆ ಹೀರೆ, ಹಾಗಲ, ಪಡವಲ, ಸೌತೆ, ಬೆಂಡೆಗಳ ಬೀಜ ಮಣ್ಣು ಸೇರುತ್ತದೆ. ಆರಿದ್ರೆಯ ತಂಪಿನಲ್ಲಿ ಬಸಳೆ, ದಾಸವಾಳಗಳ ತುಂಡುಗಳು ಬೇರೂರುತ್ತವೆ. ಪುನರ್ವಸು, ಪುಷ್ಯಗಳ ಬಿರುಮಳೆಗೆ ಬೇರು ಕೊಳೆಯದಂತೆ ಮಲೆನಾಡಿನಲ್ಲಿ ಮಡಿಗಳನ್ನು ಎತ್ತರಿಸಿ, ನೀರು ಹರಿದುಹೋಗಲು ಕಿರುಗಾಲುವೆ ತೆಗೆಯುತ್ತಾರೆ. ಮಳೆ ಹಿಮ್ಮೆಟ್ಟುವ ಹಸ್ತ, ಚಿತ್ತೆಗಳ ನಂತರ ಮೆಂತ್ಯ, ಕೊತ್ತಂಬರಿ, ಮೂಲಂಗಿ, ಹರಿವೆಗಳ ಸರದಿ. ಮಳೆಗಾಲದಲ್ಲೇ ಊರಿದ ನಾಟಿ ಅವರೆ ಹಗಲು ಕಿರಿದಾದ ಬಳಿಕ ಹೂಬಿಟ್ಟು, ಸಂಕ್ರಾಂತಿಯ ಹೊತ್ತಿಗೆ ಅಡುಗೆಮನೆ ಸೇರುತ್ತದೆ. ಬೇಸಗೆಯಲ್ಲಿ ನುಗ್ಗೆ, ತೊಂಡೆಗಳು ಮನೆಯನ್ನು ಸಾಕುತ್ತವೆ; ಬುಡಕ್ಕೆ ತರಗೆಲೆ ಹಾಸಿ ತೇವವನ್ನು ಕಾಯಲಾಗುತ್ತದೆ.

ಕಾಲಕ್ಕಿರುವಂತೆ ಸ್ಥಳಕ್ಕೂ ಇಲ್ಲಿ ನಿಯಮವಿದೆ. ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸು, ಅದರಂಚಿನ ತೇವದಲ್ಲಿ ಒಂದೆಲಗ, ಬೇಲಿಯಲ್ಲಿ ನುಗ್ಗೆ ಮತ್ತು ದಾಸವಾಳ, ಬಾಗಿಲಿಗೆ ಸಮೀಪದಲ್ಲಿ ಕರಿಬೇವು. ಬಚ್ಚಲೊಲೆಯ ಬೂದಿ ಬಳ್ಳಿಯೆಲೆಗಳ ಕೀಟಬಾಧೆಗೆ ಪರಿಹಾರವಾಗುತ್ತದೆ. ಕೊಟ್ಟಿಗೆಯ ಗೊಬ್ಬರ ಮಡಿಗೆ ಸಲ್ಲುತ್ತದೆ. ಮನೆಯು ಹೊರಹಾಕುವ ಪ್ರತಿಯೊಂದು ವಸ್ತುವಿಗೂ ಹಿತ್ತಲಿನಲ್ಲಿ ಒಂದು ನೆಲೆಯಿದೆ. ಬೀಜದ ರಕ್ಷಣೆಯೂ ಇದೇ ವ್ಯವಸ್ಥೆಯ ಅಂಗ. ಮೊದಲ ಫಸಲಿನ ಒಳ್ಳೆಯ ಹೀರೆಯನ್ನು ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಒಣಗಿದ ಮೇಲೆ ಒಲೆಯ ಹೊಗೆ ತಾಗುವೆಡೆ ತೂಗುಹಾಕುವ, ಸೌತೆ ಕುಂಬಳಗಳ ಬೀಜವನ್ನು ಬೂದಿ ಇಲ್ಲವೆ ಸಗಣಿಯೊಡನೆ ಬೆರೆಸಿಡುವ ಕ್ರಮಗಳು ಹಲವೆಡೆ ರೂಢಿಯಲ್ಲಿದ್ದವು.

ಆಚರಣೆ ಮತ್ತು ವೈವಿಧ್ಯ

ಈ ಯೋಜನೆಯನ್ನು ಕಾಪಾಡಿದ ಇನ್ನೊಂದು ಶಕ್ತಿ ಆಚರಣೆ. ಮಲೆನಾಡಿನಲ್ಲಿ ಆಶ್ವೀಜ ಹುಣ್ಣಿಮೆಯಂದು ನಡೆಯುವ ಭೂಮಿಹುಣ್ಣಿಮೆಯನ್ನು, ತೆನೆಗಟ್ಟುವ ಭೂಮಿಗೆ ಬಸುರಿಯ ಬಯಕೆ ತೀರಿಸುವ ಹಬ್ಬವೆಂದು ಜನಪದರು ಭಾವಿಸುತ್ತಾರೆ. ದೀವರ ಮಹಿಳೆಯರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆಯನ್ನು ಗದ್ದೆಗೆ ಒಯ್ಯುತ್ತಾರೆ. ರಾತ್ರಿಯಿಡೀ ಕೂತು ಬೇಯಿಸಿದ ಬಗೆಬಗೆಯ ಸೊಪ್ಪು, ತರಕಾರಿಗಳನ್ನು ಅನ್ನದೊಡನೆ ಬೆರೆಸಿ ಪೈರಿಗೆ ಬೀರಲಾಗುತ್ತದೆ. ಉತ್ತರ ಕನ್ನಡದಲ್ಲಿ ಗಣೇಶನ ಮೇಲ್ಗಡೆ ಕಟ್ಟುವ ಫಲಾವಳಿಗೂ ಹಲವು ಕಾಯಿ, ಹಣ್ಣುಗಳು ಬೇಕು. ಇಂತಹ ಹಬ್ಬಗಳಿಗೆ ಒಂದೇ ಬೆಳೆಯ ಸಮೃದ್ಧಿ ಸಾಲದು. ಹಲವು ಜಾತಿಗಳು ಒಂದೇ ಕಾಲಕ್ಕೆ ಒದಗಬೇಕು. ತನ್ನಲ್ಲಿಲ್ಲದ ಬೀಜವನ್ನು ನೆರೆಮನೆಯಿಂದಲೋ ತವರಿನಿಂದಲೋ ತರುವ ಅಗತ್ಯವೂ ಇದರಿಂದ ಉಂಟಾಗುತ್ತಿತ್ತು. ಹೀಗೆ ಬೀಜವು ನಂಟಸ್ತಿಕೆಯ ದಾರಿಯಲ್ಲಿ ಊರಿಂದೂರಿಗೆ ಸಂಚರಿಸಿತು.

ಪಲ್ಲಟ

20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸರಣಿಯ ಕೊಂಡಿಗಳು ಒಂದೊಂದಾಗಿ ಸಡಿಲಗೊಂಡವು. ಅನಿಲ ಒಲೆ ಬಂದು ಹೆಣ್ಣುಮಕ್ಕಳ ಕಣ್ಣುರಿ ತಪ್ಪಿತು. ಅದರೊಡನೆ ಬೂದಿಯೂ, ಬೀಜ ಕಾಯುವ ಹೊಗೆಯೂ ಹೋದವು. ಬಚ್ಚಲ ನೀರು ಚರಂಡಿ ಸೇರಿತು. ಪಟ್ಟಣದ ನಿವೇಶನದಲ್ಲಿ ಹಿತ್ತಲಿಗೆ ಜಾಗ ಉಳಿಯಲಿಲ್ಲ. ಸಂಕರ ತಳಿಯ ಬೀಜವನ್ನು ಪ್ರತಿವರ್ಷವೂ ಕೊಳ್ಳಬೇಕಾಗಿ ಬಂದುದರಿಂದ ಬೀಜ ಉಳಿಸುವ ಕೌಶಲವೂ ಮಸುಕಾಯಿತು. ಇದಕ್ಕೆ ಪ್ರತಿಯಾಗಿ ಶಿರಸಿ ಭಾಗದ ಮಹಿಳೆಯರು 2001ರಲ್ಲಿ ಕೈತೋಟ ಮತ್ತು ಬೀಜ ವಿನಿಮಯದ ಕೂಟವನ್ನು ಕಟ್ಟಿಕೊಂಡರು. ‘ವನಸ್ತ್ರೀ’ ಎಂಬ ಹೆಸರಿನಿಂದ ಪರಿಚಿತವಾದ ಈ ಪ್ರಯತ್ನವು ಹಳೆಯ ಕೊಡುಕೊಳ್ಳುವಿಕೆಗೆ ಸಂಘಟಿತ ರೂಪ ನೀಡಿದುದು ಗಮನಾರ್ಹ.

ತಳಿಗಳನ್ನು ಶೀತಲ ಭಂಡಾರಗಳಲ್ಲಿ ಕಾಪಿಡಬಹುದು. ಆದರೆ ಯಾವ ಮಳೆಗೆ ಯಾವುದನ್ನು, ಯಾವ ಮೂಲೆಯಲ್ಲಿ, ಯಾರ ಮನೆಯಿಂದ ತಂದು ಊರಬೇಕೆಂಬ ಕ್ರಮವು ಹಿರಿಯ ಮಹಿಳೆಯರ ನೆನಪಿನಲ್ಲಿ ಮಾತ್ರ ಉಳಿದಿದೆ. ಜಾನಪದ ಕ್ಷೇತ್ರಕಾರ್ಯವು ಗಿಡಗಳ ಹೆಸರಿನ ಪಟ್ಟಿಗೆ ತೃಪ್ತಿಪಡದೆ ಪ್ರತಿ ಹಿತ್ತಲಿನ ನಕ್ಷೆ, ನಕ್ಷತ್ರವಾರು ಕೆಲಸ ಹಾಗೂ ಬೀಜ ಬಂದ ದಾರಿ ಈ ಮೂರನ್ನೂ ಒಟ್ಟಾಗಿ ದಾಖಲಿಸಬೇಕಾಗಿದೆ. ಆ ಹಿರಿಯರು ಇರುವಾಗಲೇ ಈ ಕೆಲಸ ನಡೆದರೆ, ಮುಂದೆ ಮನೆಯ ತಾರಸಿಯಲ್ಲೋ ಶಾಲೆಯ ಅಂಗಳದಲ್ಲೋ ಮಡಿ ಮಾಡುವವರಿಗೆ ಬೀಜದೊಡನೆ ಅದನ್ನು ಬೆಳೆಸುವ ತಿಳಿವಳಿಕೆಯೂ ದೊರೆಯುತ್ತದೆ.