ನೆಟ್ಟಗೆ ನಿಂತ ಒಂದು 'ಎ'

ಕೃಷಿಯ ಕಿರುಹೊತ್ತಗೆಯೊಂದಕ್ಕೆ ಮೊಳೆ ಜೋಡಿಸುತ್ತಿದ್ದೆ. ಟ್ರೆಡಲ್ ಮೆಷಿನ್ನಿನ ಕಾಲ. ರಾಗಿಯ ಶಾಸ್ತ್ರೀಯ ಹೆಸರು, ಎಲ್ಯೂಸಿನ್ ಕೊರಕಾನ, ಇಂಗ್ಲಿಷ್ ಇಟಾಲಿಕ್‌ನಲ್ಲೇ ಬರಬೇಕೆಂದು ಹಸ್ತಪ್ರತಿಯಲ್ಲಿ ಅಡಿಗೆರೆ ಎಳೆದಿದ್ದರು. ಕೊರಕಾನದಲ್ಲಿ 'ಎ' ಮೂರು ಸಲ ಬರುತ್ತದೆ. ಕೇಸಿನಲ್ಲಿ ಉಳಿದಿದ್ದ ಓರೆ 'ಎ' ಎರಡೇ. ಮೂರನೆಯದಕ್ಕೆ ಸಾದಾ ಮೊಳೆ ತುರುಕಿ ಕೈತೊಳೆದುಕೊಂಡೆ. ಪ್ರೂಫ್ ನೋಡಿದ ಯಜಮಾನರು ಕನ್ನಡಕ ಮೇಲೇರಿಸಿ ಕೇಳಿದರು: "ಏನಯ್ಯಾ, ಮೂವರಲ್ಲಿ ಒಬ್ಬನೇ ಯಾಕೆ ನೆಟ್ಟಗೆ ನಿಂತಿದ್ದಾನೆ?"

ಭೂತಗನ್ನಡಿ ಹಿಡಿದು ನೋಡಿದೆ. ತಪ್ಪು ಬರೀ ವಾಲಿಕೆಯದಲ್ಲ. ಸಾದಾ 'ಎ'ಗೆ ಹೊಟ್ಟೆಯ ಮೇಲೊಂದು ಕೊಕ್ಕೆ, ಎರಡಂತಸ್ತಿನ ಮನೆಯ ಹಾಗೆ. ಓರೆ 'ಎ'ಗೆ ಒಂದೇ ಅಂತಸ್ತು, ಕೈಬರಹದಲ್ಲಿ ಸುತ್ತಿದ ಹಾಗೆ. ಇಟಾಲಿಕ್ ಎಂದರೆ ವಾಲಿದ ಅಕ್ಷರವಲ್ಲ, ಬೇರೆಯೇ ಅಕ್ಷರ ಎಂದು ಅವತ್ತು ಗೊತ್ತಾಯಿತು.

ಅದರ ಹುಟ್ಟೂರು ವೆನಿಸ್. ಆಲ್ಡಸ್ ಮನುಟಿಯಸ್ ಎಂಬ ಪ್ರಕಾಶಕ 1501ರಲ್ಲಿ ವರ್ಜಿಲನ ಕಾವ್ಯವನ್ನು ಕೈಯಲ್ಲಿ ಹಿಡಿದು ಓದುವಂಥ ಪುಟ್ಟ ಆಕಾರದಲ್ಲಿ, ಇಡಿಯಾಗಿ ಓರೆ ಅಕ್ಷರಗಳಲ್ಲಿ ಅಚ್ಚು ಹಾಕಿದ. ಆಗಿನ ಇಟಲಿಯ ವಿದ್ವಾಂಸರು ವೇಗವಾಗಿ ಬರೆಯುತ್ತಿದ್ದ ಕೈಬರಹವೇ ಅದಕ್ಕೆ ಮಾದರಿ. ದೊಡ್ಡಕ್ಷರಗಳು ಮಾತ್ರ ನೆಟ್ಟಗೇ ನಿಂತಿದ್ದವು. ಉಕ್ಕಿನ ತುದಿಯಲ್ಲಿ ಆ ಅಕ್ಷರಗಳನ್ನು ಕೊರೆದವನು ಬೊಲೊನ್ಯಾದ ಫ್ರಾಂಚೆಸ್ಕೊ ಗ್ರಿಫೊ. ವರ್ಜಿಲನ ಪುಸ್ತಕದಲ್ಲಿ ಆಲ್ಡಸ್ ಅವನ ಕೈಚಳಕವನ್ನು ಹೊಗಳಿದ್ದೇನೋ ನಿಜ, ಆದರೆ ಆ ಅಕ್ಷರ ಬಳಸುವ ಏಕಸ್ವಾಮ್ಯವನ್ನು ವೆನಿಸ್ ಸರ್ಕಾರದಿಂದ ತನ್ನ ಹೆಸರಿಗೇ ಪಡೆದುಕೊಂಡ. ಗ್ರಿಫೊ ಮುನಿಸಿಕೊಂಡು ಫಾನೊ ಊರಿಗೆ ಹೋದ. ಅಲ್ಲಿನ ಮುದ್ರಕ ಗೆರ್ಶೊಮ್ ಸೊಂಚಿನೊ 1503ರಲ್ಲಿ, ಆಲ್ಡಸನ ಅಕ್ಷರಗಳ ನಿಜವಾದ ಕರ್ತೃ ಇವನೇ ಎಂದು ಅಚ್ಚಿನಲ್ಲೇ ಸಾರಿದ. ಗ್ರಿಫೊನ ಕೊನೆಗಾಲ ಚೆನ್ನಾಗಿರಲಿಲ್ಲ. ಅಳಿಯನನ್ನು ಕಬ್ಬಿಣದ ಸರಳಿನಿಂದ ಹೊಡೆದು ಕೊಂದ ಆರೋಪ ಹೊತ್ತು ಅವನು ದಾಖಲೆಗಳಿಂದ ಮರೆಯಾಗುತ್ತಾನೆ. ಮೊಳೆಯ ಕೆಲಸದವರ ಹೆಸರು ಪುಸ್ತಕದ ಕೊನೆಯ ಪುಟಕ್ಕೂ ಬಾರದ ದಿನಗಳನ್ನು ಕಂಡವನು ನಾನು. ನನಗೆ ಆಲ್ಡಸನಿಗಿಂತ ಈ ಮುಂಗೋಪಿಯೇ ಹತ್ತಿರದವನು.

ದಪ್ಪ ಪಾದದ ಅಕ್ಷರದ ಕಥೆ ಇದಕ್ಕೆ ತದ್ವಿರುದ್ಧ. ನಮ್ಮ ಅಕ್ಷರಕ್ಕೆ ತಲೆಕಟ್ಟು, ಇಂಗ್ಲಿಷಿನದಕ್ಕೆ ಕಾಲಲ್ಲಿ ಪಾದುಕೆ. ಆ ಪಾದುಕೆಯನ್ನು ಹಲಗೆಯಷ್ಟು ದಪ್ಪ ಮಾಡಿದರೆ ಸ್ಲ್ಯಾಬ್ ಸೆರಿಫ್. ಹುಟ್ಟಿದ್ದು ವಿದ್ವಾಂಸರ ಮೇಜಿನ ಮೇಲಲ್ಲ, ಲಂಡನ್ನಿನ ಬೀದಿಗೋಡೆಗಳಿಗಾಗಿ. ವಿನ್ಸೆಂಟ್ ಫಿಗಿನ್ಸ್ ಎಂಬ ಮೊಳೆ ಎರಕದವನು 1815ರ ಆಸುಪಾಸಿನಲ್ಲಿ ಇದನ್ನು 'ಆಂಟಿಕ್' ಎಂದು ಮಾರಿದ. ಲಾಟರಿ, ನಾಟಕ, ಹರಾಜು ಎಂದು ದೂರದಿಂದಲೇ ಕೂಗಿ ಕರೆಯುವ ಅಕ್ಷರ. ನೆಪೋಲಿಯನ್ನನ ದಂಡಯಾತ್ರೆಯ ನಂತರ ಯುರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತಲ್ಲ, ಹಾಗಾಗಿ ಇದಕ್ಕೆ 'ಈಜಿಪ್ಶಿಯನ್' ಎಂಬ ಹೆಸರೂ ಅಂಟಿತು. ಪಿರಮಿಡ್ಡಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಪುಸ್ತಕದೊಳಗೆ ಇದಕ್ಕೆ ಜಾಗ ಮಾಡಿಕೊಟ್ಟವನು ರಾಬರ್ಟ್ ಬೆಸ್ಲಿ. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯಿಂದ 1845ರಲ್ಲಿ ಬಂದ ಅವನ 'ಕ್ಲಾರೆಂಡನ್', ಸಾಲಿನ ನಡುವೆ ಒಂದು ಪದವನ್ನು ಎತ್ತಿ ತೋರಿಸಲೆಂದೇ ಮಾಡಿದ ದಪ್ಪಕ್ಷರ. ನಿಘಂಟಿನವರಿಗೆ ಹಬ್ಬವಾಯಿತು. ಕಾನೂನಿನ ರಕ್ಷಣೆ ಸಿಕ್ಕಿದ್ದು ಮೂರೇ ವರ್ಷ. ಮುಗಿದದ್ದೇ ತಡ, ಉಳಿದ ಎರಕದವರು ಮುಗಿಬಿದ್ದು ನಕಲು ಮಾಡಿದರು.

ಓರೆ ಅಕ್ಷರ, ದಪ್ಪ ಪಾದ ಇವೆರಡಕ್ಕೂ ಮದುವೆ ಮಾಡಿಸುವುದು ಸುಲಭವಿರಲಿಲ್ಲ. ಕೈಬರಹದ ಗೆರೆ ತುದಿಯಲ್ಲಿ ಬಾಗಿ ಮುಂದೋಡುತ್ತದೆ. ಹಲಗೆ ಪಾದ ಅಲ್ಲೇ ಊರಿ ನಿಲ್ಲುತ್ತದೆ. 1929ರ ಮೆಂಫಿಸ್, 1934ರ ರಾಕ್‌ವೆಲ್ ಅಕ್ಷರಗಳು ಈ ಜಗಳವನ್ನು ಬಿಡಿಸಲೇ ಇಲ್ಲ. ನೆಟ್ಟಗಿನದನ್ನೇ ಪಕ್ಕಕ್ಕೆ ವಾಲಿಸಿ ಇಟಾಲಿಕ್ ಎಂದವು. ನನ್ನ ಕೊರಕಾನದ ಮೂರನೆಯ 'ಎ'ಯನ್ನು ತಳ್ಳಿ ಓರೆ ಮಾಡಿದ ಹಾಗೆ. ಎರಿಕ್ ಗಿಲ್ ಮಾತ್ರ 1930ರ ಸುಮಾರಿಗೆ ತನ್ನ 'ಜೊಆನಾ'ದಲ್ಲಿ ಜಾಣತನ ತೋರಿಸಿದ: ಅದರ ಇಟಾಲಿಕ್ ವಾಲುವುದು ಬರೀ ಮೂರು ಡಿಗ್ರಿ, ಆದರೂ ಮೈಯೇ ಕಿರಿದಾಗಿ ಬೇರೆಯಾಗಿ ಕಾಣುತ್ತದೆ.

ಮದುವೆ ಚೆನ್ನಾಗಿ ಕೂಡಿಬಂದದ್ದು 1990ರಲ್ಲಿ, ಹಾಲೆಂಡಿನವರ ಕೈಯಲ್ಲಿ. ಅಕ್ಷರಬರಹದ ದೊಡ್ಡ ಮೇಷ್ಟ್ರು ಗೆರಿಟ್ ನೋರ್ಡ್‌ಜೈ ಅವರ ಮಗ ಪೀಟರ್ ಮಥಿಯಾಸ್, ಲೇಖನಿಯ ಓಟವನ್ನು ಕೆಡಿಸದೆ ಹಲಗೆ ಪಾದ ಇಟ್ಟು 'ಸಿಸಿಲಿಯಾ' ಬರೆದರು, ಹೆಸರು ಹೆಂಡತಿಯದು. ಕಿಂಡಲ್‌ನಲ್ಲಿ ಪುಸ್ತಕ ಓದಿದವರು ವರ್ಷಗಟ್ಟಲೆ ನೋಡಿದ್ದು ಅದನ್ನೇ. ಮೊಮ್ಮಗಳ ಕಿಂಡಲ್ ಕಸಿದುಕೊಂಡು ನಾನು ಮೊದಲು ಹುಡುಕಿದ್ದು ಕಥೆಯನ್ನಲ್ಲ, ಓರೆ 'ಎ'ಯನ್ನು.

ಇನ್ನು ನಮ್ಮ ಮಾತು. ನಾನು ಕೆಲಸ ಮಾಡಿದ ಯಾವ ಪ್ರೆಸ್ಸಿನಲ್ಲೂ ಕನ್ನಡದ ಓರೆ ಮೊಳೆಯ ಕೇಸು ಇರಲಿಲ್ಲ. ಒತ್ತಿ ಹೇಳಬೇಕಾದದ್ದನ್ನು ದಪ್ಪ ಮೊಳೆಯಲ್ಲೋ ಉದ್ಧರಣ ಚಿಹ್ನೆಯ ನಡುವೆಯೋ ಹೇಳುತ್ತಿದ್ದೆವು, ಯಾರೂ ಕೊರತೆ ಎಂದಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಒಂದು ಗುಂಡಿ ಒತ್ತಿದರೆ ಸಾಕು, ಇಡೀ ಕನ್ನಡ ಗಾಳಿಗೆ ಸಿಕ್ಕ ಜೋಳದ ದಂಟಿನ ಹಾಗೆ ವಾಲುತ್ತದೆ. ಆಗ ಆಗುವುದೇನು? ತಲೆಕಟ್ಟು ಬಲಕ್ಕೆ ಸರಿಯುತ್ತದೆ, ಕೆಳಗೆ ಜೋತ ಒತ್ತಕ್ಷರ ಎಡಕ್ಕೆ ಜಾರಿ ಪಕ್ಕದ ಅಕ್ಷರದ ಕಾಲಡಿ ನುಸುಳುತ್ತದೆ. 'ರಾಷ್ಟ್ರ' ಎಂದು ವಾಲಿಸಿ ನೋಡಿ, ತಿಳಿಯುತ್ತದೆ.

ಕವಿಮಿತ್ರರಲ್ಲಿ ಒಂದೇ ಕೋರಿಕೆ. ಅರ್ಪಣೆಯ ಪುಟವನ್ನು ವಾಲಿಸಿ ನನ್ನ ಬಳಿ ಪ್ರೂಫಿಗೆ ಕಳಿಸಬೇಡಿ. ಕಳಿಸಿದರೆ ನೆಟ್ಟಗೆ ಮಾಡಿಯೇ ವಾಪಸು ಕೊಡುತ್ತೇನೆ.